ಸಂಕ್ರಾಂತಿಯ ಎಳ್ಳುಬೆಲ್ಲ ಮತ್ತು ಸೂಕ್ಷ್ಮ ಜೀರ್ಣಶಕ್ತಿ: ಹಬ್ಬದ ತಿನಿಸುಗಳ ಆಯ್ಕೆ

(ಸ್ವಸಹಾಯ ಸಂಘಗಳ ಸದಸ್ಯರು, ಆಶಾ ಹಾಗೂ ಅಂಗನವಾಡಿ ಕಾರ್ಯಕರ್ತೆಯರಿಗಾಗಿ ಏರ್ಪಡಿಸಿದ್ದ ಮಾಹಿತಿ ಕಾರ್ಯಾಗಾರದಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಬರಲಿರುವ ಸಂಕ್ರಾಂತಿಗಾಗಿ ನಿಮ್ಮಲ್ಲಿ ಅನೇಕರು ಈಗಾಗಲೇ ಕೊಬ್ಬರಿ ಹೆಚ್ಚಲು, ಬೆಲ್ಲ ಕತ್ತರಿಸಿ ಒಣಗಿಸಲು ಆರಂಭಿಸಿದ್ದೀರಿ. ಈ ಸಮಯದಲ್ಲಿ ಒಂದು ಮನೆಯ ವಿಷಯವನ್ನು ಹೇಳಿ ಮಾತು ಆರಂಭಿಸುತ್ತೇನೆ. ನನ್ನ ತಾಯಿಯವರಿಗೆ ಬಹುಕಾಲದಿಂದ ಹೊಟ್ಟೆಯುಬ್ಬರ ಮತ್ತು ಎದೆಯುರಿಯ ತೊಂದರೆಯಿತ್ತು. ಎಳ್ಳು ಬೀರಲು ಬಂದವರ ಎದುರಿಗೆ ಬೇಡವೆನ್ನುವುದು ಅಮಂಗಳವೆಂಬ ಭಾವನೆಯಿಂದ ಅವರು ಪ್ರತಿ ಮನೆಯ ಎಳ್ಳುಬೆಲ್ಲವನ್ನೂ ಬಾಯಿಗೆ ಹಾಕಿಕೊಳ್ಳುತ್ತಿದ್ದರು. ರಾತ್ರಿಯಿಡೀ ನಿದ್ದೆಯಿಲ್ಲದೆ ಕುಳಿತಿರುತ್ತಿದ್ದರು. ಕೊನೆಯ ಕೆಲವು ವರ್ಷ ಹಬ್ಬದ ಸಂಜೆ ಬಾಗಿಲು ಹಾಕಿಕೊಂಡು ಒಳಗೇ ಇದ್ದುಬಿಡುತ್ತಿದ್ದರು. ಇಂಥವರು ಪ್ರತಿ ಬೀದಿಯಲ್ಲಿಯೂ ಇದ್ದಾರೆ. ಅವರು ಬಾಗಿಲು ತೆರೆದಿಟ್ಟು ಹಬ್ಬ ಆಚರಿಸುವಂತಾಗಬೇಕೆಂಬುದೇ ಇಂದಿನ ಮಾತಿನ ಉದ್ದೇಶ.

ಮೊದಲು ಎಳ್ಳುಬೆಲ್ಲದ ಐದು ಪದಾರ್ಥಗಳನ್ನು ಬಿಡಿಬಿಡಿಯಾಗಿ ನೋಡೋಣ. ಎಳ್ಳು ಹಾಗೂ ಕಡಲೆಕಾಯಿ ಬೀಜದ ತೂಕದಲ್ಲಿ ಸುಮಾರು ಅರ್ಧದಷ್ಟು ಎಣ್ಣೆಯೇ ಇರುತ್ತದೆ. ಒಣಕೊಬ್ಬರಿಯಲ್ಲಿ ಅದಕ್ಕಿಂತಲೂ ಹೆಚ್ಚು. ಕೊಬ್ಬಿನಂಶ ಅಧಿಕವಾದ ಆಹಾರವು ಜಠರದಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೆ. ಆಮ್ಲ ಮೇಲಕ್ಕೆ ಬರುವ ತೊಂದರೆಯುಳ್ಳವರಿಗೆ ಇದರಿಂದ ಎದೆಯುರಿ ಹೆಚ್ಚುತ್ತದೆ. ಹುರಿಗಡಲೆಯ ಸ್ವಭಾವ ಬೇರೆ. ಅದರಲ್ಲಿರುವ ಕೆಲವು ಬಗೆಯ ಸಕ್ಕರೆಗಳನ್ನು ಒಡೆಯುವ ಕಿಣ್ವ ಮನುಷ್ಯನ ಸಣ್ಣ ಕರುಳಿನಲ್ಲಿಲ್ಲ. ಅವು ದೊಡ್ಡ ಕರುಳನ್ನು ತಲುಪಿ, ಅಲ್ಲಿನ ಸೂಕ್ಷ್ಮಜೀವಿಗಳಿಂದ ಹುದುಗಿ ವಾಯುವನ್ನುಂಟುಮಾಡುತ್ತವೆ. ಆರೋಗ್ಯವಂತರಿಗೆ ಇದು ಗಮನಕ್ಕೂ ಬಾರದು. ಕರುಳು ಸೂಕ್ಷ್ಮವಾಗಿರುವವರಿಗೆ ನೋವಾಗುತ್ತದೆ. ಹಬ್ಬದ ಮರುದಿನದ ಉಬ್ಬರಕ್ಕೆ ಎಳ್ಳನ್ನು ದೂರುವವರು ಮುಂದಿನ ಬಾರಿ ಹುರಿಗಡಲೆಯನ್ನು ಬಿಟ್ಟು ನೋಡುವುದು ಒಳಿತು. ಬೆಲ್ಲವು ಬಹುಪಾಲು ಸಕ್ಕರೆಯೇ ಆಗಿದೆ. ಸ್ವಲ್ಪ ಪ್ರಮಾಣದಲ್ಲಿ ಹೆಚ್ಚಿನವರ ಜೀರ್ಣಕ್ಕೆ ಅಡ್ಡಿಯಾಗದು. ಆದರೆ ಮಧುಮೇಹಿಗಳಿಗೆ ಬೆಲ್ಲ ಸುರಕ್ಷಿತವೆಂಬ ನಂಬಿಕೆ ಸರಿಯಲ್ಲ.

ಸಕ್ಕರೆ ಅಚ್ಚು ಮತ್ತು ಉತ್ತರ ಕರ್ನಾಟಕದ ಕುಸುರೆಳ್ಳಿನಲ್ಲಿ ಕೊಬ್ಬು ಅತ್ಯಲ್ಪ. ಆದ್ದರಿಂದ ಎದೆಯುರಿಯುಳ್ಳವರು ಒಂದು ಸಣ್ಣ ಅಚ್ಚನ್ನೋ, ಒಂದು ಚಿಟಿಕೆ ಕುಸುರೆಳ್ಳನ್ನೋ ಸ್ವೀಕರಿಸಬಹುದು. ಬಣ್ಣ ಹಾಕದ ಬಿಳಿಯ ಅಚ್ಚನ್ನೇ ಆರಿಸಿಕೊಳ್ಳಿ. ಅಚ್ಚಿನ ಪಾಕದ ಕೊಳೆ ತೆಗೆಯಲು ಹಾಲು ಬಳಸುವ ರೂಢಿಯಿರುವುದರಿಂದ, ಹಾಲಿನ ಅಲರ್ಜಿ ಇರುವವರು ವಿಚಾರಿಸಿಯೇ ತಿನ್ನಬೇಕು. ಇನ್ನು, ‘ಶುಗರ್ ಫ್ರೀ’ ಎಂದು ಮಾರಾಟವಾಗುವ ಕೆಲವು ಮಿಠಾಯಿಗಳಲ್ಲಿ ಸಾರ್ಬಿಟಾಲ್, ಮಾಲ್ಟಿಟಾಲ್ ಎಂಬ ಸಿಹಿಕಾರಕಗಳಿರುತ್ತವೆ. ಇವು ಕರುಳಿನಲ್ಲಿ ಪೂರ್ಣವಾಗಿ ಹೀರಲ್ಪಡುವುದಿಲ್ಲ. ಹೆಚ್ಚಾದರೆ ಉಬ್ಬರ, ಭೇದಿ ಉಂಟಾಗುತ್ತದೆ. ಸೂಕ್ಷ್ಮ ಹೊಟ್ಟೆಯವರಿಗೆ ಇವು ಒಳ್ಳೆಯ ಬದಲಿಯಲ್ಲ.

ಹಬ್ಬದ ಅಡುಗೆಯಲ್ಲಿ ಸಿಹಿ ಪೊಂಗಲ್ ಹಲವರಿಗೆ ಹಿತವಾದ ಆಯ್ಕೆ. ಅಕ್ಕಿ ಸುಲಭವಾಗಿ ಪಚನವಾಗುತ್ತದೆ. ಹೆಸರುಬೇಳೆಯು ಕಡಲೆಬೇಳೆಗಿಂತ ಹಗುರ. ತುಪ್ಪವನ್ನು ಮಿತಗೊಳಿಸಿ, ಗೋಡಂಬಿಯನ್ನು ಬಿಟ್ಟು ಒಂದು ಪಾಲನ್ನು ಪ್ರತ್ಯೇಕವಾಗಿ ತೆಗೆದಿಟ್ಟರೆ ಸಾಕು. ಅವರೆಕಾಳಿನಿಂದ ತೊಂದರೆಯಾಗುವವರು ರಾತ್ರಿ ನೆನೆಸಿ, ನೀರನ್ನು ಚೆಲ್ಲಿ, ಹಿತಕಿ, ಚೆನ್ನಾಗಿ ಬೇಯಿಸಿ, ಅಲ್ಪ ಪ್ರಮಾಣದಲ್ಲಿ ಉಣ್ಣಬಹುದು.

ಪದಾರ್ಥದಷ್ಟೇ ಮುಖ್ಯವಾದುದು ಪ್ರಮಾಣ. ಮನೆಗೆ ಎರಡು ಚಮಚೆಯೆಂದರೂ ಹತ್ತು ಮನೆಗಳಿಂದ ಇಪ್ಪತ್ತು ಚಮಚೆಯಾಗುತ್ತದೆ. ಬಂದುದನ್ನೆಲ್ಲ ಒಂದು ಡಬ್ಬಿಯಲ್ಲಿ ಕೂಡಿಟ್ಟು, ದಿನಕ್ಕೆ ಒಂದೆರಡು ಚಮಚೆಯಂತೆ ಊಟದ ನಂತರ, ಚೆನ್ನಾಗಿ ಅಗಿದು ತಿನ್ನಿ. ಮಲಗುವ ಮುನ್ನ ಎರಡು ಮೂರು ಗಂಟೆಗಳ ಕಾಲ ಏನನ್ನೂ ತಿನ್ನದಿರಿ. ಯಾವುದರಿಂದ ತೊಂದರೆಯಾಯಿತೆಂದು ತಿಳಿಯಲು ಒಂದು ದಿನ ಒಂದೇ ಹೊಸ ತಿನಿಸನ್ನು ಪರೀಕ್ಷಿಸಿ, ಬರೆದಿಟ್ಟುಕೊಳ್ಳಿ.

ಎಳ್ಳುಬೆಲ್ಲವನ್ನು ಪೊಟ್ಟಣ ಮಾಡಿ ಮಾರುವ ಸಂಘಗಳಿಗೆ ನನ್ನ ವಿನಂತಿ ಹೀಗಿದೆ. ಐದು ಪದಾರ್ಥಗಳನ್ನು ಬೆರೆಸಿದ ಪೊಟ್ಟಣಗಳ ಜೊತೆಗೆ, ಹುರಿಗಡಲೆಯಿಲ್ಲದ ಕೆಲವು ಪೊಟ್ಟಣಗಳನ್ನೂ ಸಿದ್ಧಪಡಿಸಿರಿ. ಒಳಗಿರುವ ಪದಾರ್ಥಗಳ ಹೆಸರು ಹಾಗೂ ತಯಾರಿಸಿದ ದಿನಾಂಕವನ್ನು ಸ್ಪಷ್ಟವಾಗಿ ನಮೂದಿಸಿರಿ. ಬೂಷ್ಟು ಹಿಡಿದ, ಬಣ್ಣಗೆಟ್ಟ ಕಡಲೆಕಾಯಿ ಬೀಜವನ್ನೂ ಕೊಬ್ಬರಿಯನ್ನೂ ಆರಿಸಿ ಎಸೆಯಿರಿ. ಬೂಷ್ಟಿನ ವಿಷವು ಹುರಿದ ಮಾತ್ರಕ್ಕೆ ಪೂರ್ಣವಾಗಿ ನಾಶವಾಗುವುದಿಲ್ಲ.

ಎರಡು ಅಪಾಯಗಳ ಬಗ್ಗೆ ವಿಶೇಷ ಎಚ್ಚರ ಅಗತ್ಯ. ಮೊದಲನೆಯದು, ಎಳೆಯ ಮಕ್ಕಳು. ಕಡಲೆಕಾಯಿ ಬೀಜ ಹಾಗೂ ಹುರಿಗಡಲೆ ಶ್ವಾಸನಾಳಕ್ಕೆ ಸಿಲುಕಬಲ್ಲವು. ಐದು ವರ್ಷದೊಳಗಿನ ಮಕ್ಕಳಿಗೆ ಇವನ್ನು ಇಡಿಯಾಗಿ ಕೊಡಬಾರದು. ಎಲಚಿಹಣ್ಣು ಎರೆಯುವ ಶಾಸ್ತ್ರದ ನಂತರ ಚೆಲ್ಲಿದ ಹಣ್ಣು, ಕಬ್ಬಿನ ಚೂರು, ನಾಣ್ಯಗಳನ್ನು ಕೂಡಲೇ ಆಯ್ದು ತೆಗೆಯಬೇಕು. ಎರಡನೆಯದು, ಅಲರ್ಜಿ. ಎಳ್ಳು ಅಥವಾ ಕಡಲೆಕಾಯಿ ತಿಂದೊಡನೆ ತುಟಿ ಊದಿದರೆ, ಮೈಯೆಲ್ಲ ದದ್ದು ಎದ್ದರೆ, ಉಸಿರು ಕಟ್ಟಿದರೆ ತಡಮಾಡದೆ 108ಕ್ಕೆ ಕರೆ ಮಾಡಬೇಕು.

ಆಶಾ ಕಾರ್ಯಕರ್ತೆಯರು ಮನೆ ಭೇಟಿಯ ವೇಳೆ ಇನ್ನೂ ಒಂದು ಮಾತನ್ನು ತಿಳಿಸಬೇಕು. ಎಲ್ಲ ಹೊಟ್ಟೆನೋವೂ ಹಬ್ಬದ ಊಟದಿಂದ ಬಂದುದಲ್ಲ. ಮಲದಲ್ಲಿ ರಕ್ತ, ಕಪ್ಪು ಮಲ, ಕಾರಣವಿಲ್ಲದೆ ತೂಕ ಇಳಿಯುವುದು, ನಿಲ್ಲದ ವಾಂತಿ, ನುಂಗಲು ಕಷ್ಟವಾಗುವುದು ಕಂಡರೆ ವೈದ್ಯರ ಪರೀಕ್ಷೆ ಅಗತ್ಯ. ಬೆವರಿನೊಂದಿಗೆ ಎದೆನೋವು ಬಂದಾಗ ‘ಗ್ಯಾಸ್ಟ್ರಿಕ್’ ಎಂದು ಸೋಡಾ ಕುಡಿದು ಮಲಗಿದವರನ್ನು ನಾವು ಕಳೆದುಕೊಂಡದ್ದುಂಟು. ಅದು ಹೃದಯಾಘಾತದ ಲಕ್ಷಣವಾಗಿರಬಹುದು. ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು.

ಕೊನೆಯದಾಗಿ, ಎಳ್ಳುಬೆಲ್ಲ ತಿಂದು ಒಳ್ಳೆಯ ಮಾತಾಡಿರೆಂದು ಹಿರಿಯರು ಹೇಳಿದರು. ಎಳ್ಳು ಬೀರಿದೊಡನೆ ಕೊಟ್ಟವರ ಪ್ರೀತಿ ಸಂದಾಯವಾಗುತ್ತದೆ. ಎದುರಿನಲ್ಲೇ ತಿನ್ನಬೇಕೆಂಬ ನಿಯಮವೇನೂ ಇಲ್ಲ. ಪಡೆದು, ಕಣ್ಣಿಗೊತ್ತಿಕೊಂಡು, ತಟ್ಟೆಯಲ್ಲಿಟ್ಟವರನ್ನು ಒತ್ತಾಯಿಸದಿರೋಣ. “ನಿಮಗೆ ಹಿತವಾದಷ್ಟು ತಿನ್ನಿ” ಎಂಬುದು ಕೂಡ ಒಂದು ಒಳ್ಳೆಯ ಮಾತೇ. ನನ್ನ ತಾಯಿಯವರಿಗೆ ಅಂದು ಯಾರಾದರೂ ಈ ಮಾತು ಹೇಳಿದ್ದರೆ, ಅವರು ಬಾಗಿಲು ಹಾಕಿಕೊಳ್ಳಬೇಕಾಗುತ್ತಿರಲಿಲ್ಲ.