ಶ್ರಮಜೀವಿ ಸಂತ ಜೋಸೆಫರ ಹಬ್ಬ ಮತ್ತು ಎಸ್.ಎಸ್.ಎಲ್.ಸಿ. ಮುಗಿಸಿದ ನಮ್ಮ ಮಕ್ಕಳು

(ಮೇ 1ರ ಹಬ್ಬದ ಬಲಿಪೂಜೆಯಲ್ಲಿ ನೀಡಿದ ಪ್ರಬೋಧನೆ)



ಇಂದಿನ ಶುಭಸಂದೇಶದಲ್ಲಿ ಪ್ರಭು ಯೇಸು ತಮ್ಮ ಸ್ವಂತ ಊರಿಗೆ ಬಂದು ಪ್ರಾರ್ಥನಾಮಂದಿರದಲ್ಲಿ ಬೋಧಿಸುತ್ತಾರೆ. ಕೇಳಿದವರಿಗೆಲ್ಲ ಅಚ್ಚರಿ. ಆದರೆ ಆ ಅಚ್ಚರಿ ಬಹಳ ಹೊತ್ತು ನಿಲ್ಲಲಿಲ್ಲ. ಇವನು ನಮ್ಮೂರ ಬಡಗಿಯ ಮಗ ತಾನೇ ಎಂದು ಅಸಡ್ಡೆಯ ಮಾತು ಶುರುವಾಯಿತು. ತಂದೆಯ ಕಸುಬನ್ನು ನೋಡಿ ಮಗನಿಗೆ ಬೆಲೆ ಕಟ್ಟಿಬಿಟ್ಟರು. ಎದುರಿಗೆ ನಿಂತಿದ್ದವರು ಯಾರೆಂದು ಆ ಊರಿಗೆ ಕೊನೆಗೂ ತಿಳಿಯಲಿಲ್ಲ.

ಇಂದು ಆ ಬಡಗಿಯ ಹಬ್ಬ. ಮಾರ್ಚ್ 19ರಂದು ನಾವು ಸಂತ ಜೋಸೆಫರನ್ನು ಮಾತೆ ಮರಿಯಮ್ಮನವರ ಪತಿಯೆಂದು ಕೊಂಡಾಡುತ್ತೇವೆ. ಮೇ 1ರಂದು ಉಳಿ ಸುತ್ತಿಗೆ ಹಿಡಿದ ಅವರ ಕೈಗಳನ್ನು ಗೌರವಿಸುತ್ತೇವೆ. 1955ರಲ್ಲಿ ಜಗದ್ಗುರು 12ನೇ ಪಿಯುಸ್‌ರವರು ಇಟಲಿಯ ಕಾರ್ಮಿಕರ ಮುಂದೆ ಈ ಹಬ್ಬವನ್ನು ಘೋಷಿಸಿದರು. ಕಾರ್ಮಿಕರ ದಿನವನ್ನೇ ಅದಕ್ಕೆ ಆರಿಸಿಕೊಂಡರು. ಕೈಕೆಲಸ ಕೀಳಲ್ಲ, ಅದು ದೇವಪುತ್ರ ಬೆಳೆದ ಮನೆಯ ಅನ್ನ ಎಂದು ಧರ್ಮಸಭೆ ಈ ದಿನ ಸಾರುತ್ತದೆ.

ಈ ಹಬ್ಬ ನಮ್ಮ ಮನೆಗಳಿಗೆ ಬರುವ ಕಾಲವನ್ನು ಗಮನಿಸಿ. ಎಸ್.ಎಸ್.ಎಲ್.ಸಿ. ಪರೀಕ್ಷೆ ಮುಗಿದಿದೆ. ಮುಂದೇನು ಎಂಬ ಚಿಂತೆ ಅಡುಗೆಮನೆಯವರೆಗೂ ಬಂದಿದೆ. ಬಲಿಪೂಜೆ ಮುಗಿಸಿ ಹೊರಗೆ ನಿಂತರೆ ಮೊದಲ ಪ್ರಶ್ನೆ, "625ಕ್ಕೆ ಎಷ್ಟು?" ಎರಡನೆಯದು, "ಸೈನ್ಸ್ ತಾನೇ?" ಮಗನನ್ನು ಐಟಿಐಗೆ ಸೇರಿಸುತ್ತೇವೆ ಎನ್ನುವ ತಂದೆಯ ಧ್ವನಿ ತಗ್ಗುತ್ತದೆ. ಕೇಳಿದವರು "ಹೌದಾ, ಪಾಪ" ಎನ್ನುತ್ತಾರೆ. ಪ್ರಿಯರೇ, ಆ "ಪಾಪ" ಎಂಬ ಮಾತು ನಜರೇತಿನವರ ಮಾತು. ಪಕ್ಕದಲ್ಲಿ ನಿಂತ ಮಗುವಿನ ಕಿವಿಗೆ ಅದು ಬೀಳುತ್ತದೆ, ಬಹಳ ವರ್ಷ ಉಳಿಯುತ್ತದೆ.

ಮೊದಲನೆಯದಾಗಿ, ನಮ್ಮ ಮುಂದಿರುವ ದಾರಿಗಳನ್ನು ತಿಳಿದುಕೊಳ್ಳೋಣ.

ಪಿಯುಸಿಯಲ್ಲಿ ವಿಜ್ಞಾನ, ವಾಣಿಜ್ಯ, ಕಲೆ ಎಂಬ ಮೂರು ವಿಭಾಗಗಳಿವೆ. ಎಂಜಿನಿಯರ್ ಆಗಬೇಕೆಂದರೆ ಭೌತಶಾಸ್ತ್ರ, ಗಣಿತ ಬೇಕು. ವೈದ್ಯರಾಗಬೇಕೆಂದರೆ ಜೀವಶಾಸ್ತ್ರ ಬೇಕು, ನೀಟ್ ಪರೀಕ್ಷೆಯನ್ನೂ ಬರೆಯಬೇಕು. ಆ ವಿಷಯಗಳಲ್ಲಿ ಆಸಕ್ತಿ ಇರುವವರು ಧೈರ್ಯವಾಗಿ ವಿಜ್ಞಾನಕ್ಕೆ ಹೋಗಲಿ. ಆದರೆ ವಕೀಲರಾಗಲು ವಿಜ್ಞಾನ ಬೇಕಿಲ್ಲ. ಪಿಯುಸಿ ಯಾವ ವಿಭಾಗದ್ದಾದರೂ ಐದು ವರ್ಷದ ಕಾನೂನು ಪದವಿಗೆ ಸೇರಬಹುದು. ಲೆಕ್ಕಪರಿಶೋಧಕರಾಗುವ ಸಿ.ಎ. ದಾರಿ ವಾಣಿಜ್ಯದವರಿಗೆ ಹತ್ತಿರ. ಐಎಎಸ್, ಕೆಎಎಸ್ ಪರೀಕ್ಷೆಗಳಿಗೆ ಯಾವುದೇ ಪದವಿ ಸಾಕು. ಪಿಯುಸಿಯಲ್ಲಿ ಕಲೆ ಓದಿದ ಮಕ್ಕಳೂ ಜಿಎನ್‌ಎಂ ನರ್ಸಿಂಗ್‌ಗೆ ಸೇರಬಹುದು ಎಂಬುದು ಬಹಳ ಮನೆಗಳಿಗೆ ಗೊತ್ತಿಲ್ಲ. ಬಿ.ಎಸ್ಸಿ. ನರ್ಸಿಂಗ್‌ಗೆ ಮಾತ್ರ ವಿಜ್ಞಾನ ಬೇಕು.

ಪಿಯುಸಿಯ ಹೊರಗೂ ದಾರಿಗಳಿವೆ. ಪಾಲಿಟೆಕ್ನಿಕ್ ಡಿಪ್ಲೊಮಾ ಮೂರು ವರ್ಷದ್ದು, ಎಸ್.ಎಸ್.ಎಲ್.ಸಿ. ಅಂಕಗಳ ಮೇಲೆಯೇ ಪ್ರವೇಶ ಸಿಗುತ್ತದೆ. ಅದನ್ನು ಮುಗಿಸಿದವರು ಡಿಸಿಇಟಿ ಬರೆದು ಎಂಜಿನಿಯರಿಂಗ್‌ನ ಎರಡನೇ ವರ್ಷಕ್ಕೆ ನೇರವಾಗಿ ಸೇರಬಹುದು. 1972ರಲ್ಲಿ ಬೆಂಗಳೂರಿನಲ್ಲಿ ಡೆನ್ಮಾರ್ಕ್ ಸರ್ಕಾರದ ನೆರವಿನಿಂದ ಶುರುವಾದ ಸರ್ಕಾರಿ ಉಪಕರಣಾಗಾರ, ಅಂದರೆ ಜಿಟಿಟಿಸಿ, ಈಗ ರಾಜ್ಯದ ಅನೇಕ ಊರುಗಳಲ್ಲಿದೆ. ಅಲ್ಲಿನ ಟೂಲ್ ಅಂಡ್ ಡೈ ಡಿಪ್ಲೊಮಾದಲ್ಲಿ ಮೂರು ವರ್ಷ ಕಲಿಕೆ, ಒಂದು ವರ್ಷ ಕಾರ್ಖಾನೆಯಲ್ಲೇ ತರಬೇತಿ.

ಇನ್ನು ಐಟಿಐ. ಎಲೆಕ್ಟ್ರಿಷಿಯನ್, ಫಿಟ್ಟರ್ ಎರಡು ವರ್ಷ. ವೆಲ್ಡರ್, ಪ್ಲಂಬರ್ ಒಂದು ವರ್ಷ. ಸಂತ ಜೋಸೆಫರ ಬಡಗಿ ಕೆಲಸವೂ ಅಲ್ಲಿನ ಕಲಿಕೆಯಲ್ಲಿ ಸೇರಿದೆ. 2022ರಲ್ಲಿ ರಾಜ್ಯದ 150 ಸರ್ಕಾರಿ ಐಟಿಐಗಳನ್ನು ಹೊಸ ಯಂತ್ರಗಳೊಂದಿಗೆ ಮೇಲ್ದರ್ಜೆಗೆ ಏರಿಸಲಾಯಿತು. ಕಲಿತ ಮೇಲೆ ಕಾರ್ಖಾನೆಗಳಲ್ಲಿ ಅಪ್ರೆಂಟಿಸ್ ಆಗಿ ಭತ್ಯೆ ಪಡೆಯುತ್ತಾ ಅನುಭವ ಗಳಿಸಬಹುದು. ಎರಡು ವರ್ಷದ ಐಟಿಐ ಮುಗಿಸಿದವರು ಡಿಪ್ಲೊಮಾದ ಎರಡನೇ ವರ್ಷಕ್ಕೂ ಸೇರಬಹುದು. ಈ ಬಾಗಿಲು ಹುಡುಗಿಯರಿಗೂ ತೆರೆದಿದೆ.

ಅಂದರೆ ಬಾಗಿಲಿನ ಹಿಂದೆ ಇನ್ನೊಂದು ಬಾಗಿಲಿದೆ. ಇಂದು ಐಟಿಐಗೆ ಹೋದವನು ಮುಂದೆ ಎಂಜಿನಿಯರ್ ಆಗಬಹುದು. ಆಗದೆ ಒಳ್ಳೆಯ ಎಲೆಕ್ಟ್ರಿಷಿಯನ್ ಆಗಿಯೇ ಉಳಿದರೂ ಅದರಲ್ಲಿ ಕೊರತೆ ಏನೂ ಇಲ್ಲ. ಊರಿನ ಜನ ನಂಬಿ ಮನೆಯೊಳಗೆ ಕರೆಯುವ ಕೆಲಸಗಾರ ಸಣ್ಣವನಲ್ಲ.

ಎರಡನೆಯದಾಗಿ, ಈ ರಜೆಯನ್ನು ಹೇಗೆ ಕಳೆಯುತ್ತೀರಿ?

ಮೊದಲು ಸ್ವಲ್ಪ ನಿದ್ದೆ ಮಾಡಿ. ಅಜ್ಜಿಯ ಊರಿಗೆ ಹೋಗಿ ಬನ್ನಿ. ಒಂದು ವರ್ಷ ಟ್ಯೂಷನ್, ರಿವಿಷನ್ ಎಂದು ಓಡಿದ ಮಕ್ಕಳನ್ನು ಮರುದಿನವೇ ಕೋಚಿಂಗ್ ಬಸ್ಸಿಗೆ ಹತ್ತಿಸಬೇಡಿ ಎಂದು ತಂದೆತಾಯಂದಿರನ್ನು ಕೇಳಿಕೊಳ್ಳುತ್ತೇನೆ.

ಆಮೇಲೆ ನೋಡುವ ಕೆಲಸ ಮಾಡಿ. ನಮ್ಮ ಧರ್ಮಕೇಂದ್ರದಲ್ಲೇ ನರ್ಸ್, ಮೆಕ್ಯಾನಿಕ್, ಶಿಕ್ಷಕರು, ಬ್ಯಾಂಕ್ ನೌಕರರು, ಕಾಫಿ ತೋಟ ನೋಡಿಕೊಳ್ಳುವವರು, ದರ್ಜಿಗಳು ಇದ್ದಾರೆ. ಒಬ್ಬೊಬ್ಬರ ಬಳಿ ಅರ್ಧ ದಿನ ಕುಳಿತು ಮೂರು ಪ್ರಶ್ನೆ ಕೇಳಿ: ಈ ಕೆಲಸಕ್ಕೆ ಹೇಗೆ ಬಂದಿರಿ? ಇದರಲ್ಲಿ ಕಷ್ಟ ಏನು? ಮತ್ತೆ ಆರಿಸುವುದಾದರೆ ಇದನ್ನೇ ಆರಿಸುತ್ತೀರಾ? ಒಂದು ಕರಪತ್ರ ಹೇಳದ ಸತ್ಯ ಈ ಮೂರು ಉತ್ತರಗಳಲ್ಲಿ ಸಿಗುತ್ತದೆ. ದೊಡ್ಡವರೇ, ಈ ಮಕ್ಕಳು ನಿಮ್ಮ ಬಾಗಿಲಿಗೆ ಬಂದರೆ ಒಳಗೆ ಕರೆಯಿರಿ.

ಮನೆಯಲ್ಲಿ ಅನ್ನ ಸಾರು ಮಾಡುವುದನ್ನು ಹುಡುಗರೂ ಕಲಿಯಲಿ. ಕಂಪ್ಯೂಟರ್‌ನಲ್ಲಿ ಕನ್ನಡ ಟೈಪಿಂಗ್ ಕಲಿಯಿರಿ. ಗ್ರಾಮ ಪಂಚಾಯಿತಿಯ ಗ್ರಂಥಾಲಯ ಈಗ 'ಅರಿವು ಕೇಂದ್ರ' ಎಂಬ ಹೆಸರಿನಲ್ಲಿದೆ, ಅಲ್ಲಿ ದಿನಕ್ಕೊಂದು ಗಂಟೆ ಕುಳಿತುಕೊಳ್ಳಿ. ರಜೆಯಲ್ಲಿ ದುಡಿಯಬೇಕಾದ ಮನೆಗಳೂ ಇವೆ, ನನಗೆ ಗೊತ್ತು. 18 ತುಂಬದ ಮಕ್ಕಳನ್ನು ಅಪಾಯದ ಕೆಲಸಕ್ಕೆ ಹಚ್ಚುವುದು ಕಾನೂನಿಗೆ ವಿರುದ್ಧ ಎಂಬುದನ್ನು ಮಾತ್ರ ಮರೆಯಬೇಡಿ.

ಈ ರಜೆಯಲ್ಲಿ ಮುಗಿಸಬೇಕಾದ ಕಾಗದದ ಕೆಲಸವೂ ಇದೆ. ನಾಡಕಚೇರಿಯಿಂದ ಜಾತಿ, ಆದಾಯ ಪ್ರಮಾಣಪತ್ರ ತನ್ನಿ. ಮಗುವಿನ ಬ್ಯಾಂಕ್ ಖಾತೆಗೆ ಆಧಾರ್ ಜೋಡಿಸಿ. ಶಾಲೆಯಿಂದ ಕನ್ನಡ ಮಾಧ್ಯಮ, ಗ್ರಾಮೀಣ ವ್ಯಾಸಂಗದ ಪ್ರಮಾಣಪತ್ರ ಕೇಳಿ. ಇವು ಸಿದ್ಧವಿದ್ದರೆ ರಾಜ್ಯ ವಿದ್ಯಾರ್ಥಿವೇತನದ ಎಸ್‌ಎಸ್‌ಪಿ ಜಾಲತಾಣದಲ್ಲಿ ಅರ್ಜಿ ಹಾಕುವುದು ಸುಲಭ. ಅರ್ಹತೆ ಇದ್ದೂ ಒಂದು ಕಾಗದ ಇಲ್ಲದೆ ಹಣ ಕೈತಪ್ಪಬಾರದು.

ಮೂರನೆಯದಾಗಿ, ತಂದೆತಾಯಂದಿರೊಂದಿಗೆ ಒಂದು ಮಾತು.

ನಿಮ್ಮ ಆಸೆ ನನಗೆ ಅರ್ಥವಾಗುತ್ತದೆ. ನಾವು ಪಟ್ಟ ಕಷ್ಟ ಮಕ್ಕಳಿಗೆ ಬೇಡ ಎಂದು ಹಗಲಿರುಳು ದುಡಿದಿದ್ದೀರಿ. ಆದರೆ ನಿಮ್ಮ ಕನಸಿನ ಅಂಗಿಯನ್ನು ಮಗುವಿನ ಅಳತೆ ತೆಗೆಯದೆ ಹೊಲಿಸಬೇಡಿ. ಸಾಲ ಮಾಡಿ ಸೇರಿಸಿದ ಸೀಟಿನಲ್ಲಿ ಮನಸ್ಸಿಲ್ಲದ ಮಗು ಎರಡು ವರ್ಷ ಕುಳಿತರೆ ಹಣವೂ ಹೋಯಿತು, ಮಗುವಿನ ಧೈರ್ಯವೂ ಹೋಯಿತು. ಹೆಣ್ಣುಮಗಳಿಗೆ ಮನೆಯ ಹತ್ತಿರದ ಕಾಲೇಜೇ ಸಾಕು ಎಂದು ತೀರ್ಮಾನಿಸುವ ಮೊದಲು ಅವಳನ್ನು ಒಮ್ಮೆ ಕೇಳಿ.

ಫಲಿತಾಂಶ ಕೆಟ್ಟದಾಗಿ ಬಂದರೆ? ಒಂದೇ ವರ್ಷದಲ್ಲಿ ಮತ್ತೆ ಪರೀಕ್ಷೆ ಬರೆಯುವ ಅವಕಾಶ 2024ರಿಂದ ಬಂದಿದೆ. ಪರೀಕ್ಷೆಗೆ ಎರಡನೇ ಸಲ ಇದೆ, ಮಗುವಿಗೆ ಇಲ್ಲ. ಆ ದಿನ ಮಕ್ಕಳನ್ನು ಒಂಟಿಯಾಗಿ ಬಿಡಬೇಡಿ. ನೆರೆಮನೆಯವರ ಅಂಕ ಅವರ ಮುಂದೆ ಹೇಳಬೇಡಿ. ಮನಸ್ಸು ಭಾರವಾದರೆ 14416 ಎಂಬ ಟೆಲಿ ಮಾನಸ್ ಸಂಖ್ಯೆಗೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಬಹುದು. ಗುರುನಿವಾಸದ ಬಾಗಿಲೂ ತೆರೆದಿರುತ್ತದೆ.

ಪ್ರಿಯರೇ, ಇದು ಹೊಸ ಬೋಧನೆಯಲ್ಲ. ಸಂತ ಜಾನ್ ಬಾಸ್ಕೋರವರು ತೂರಿನ್ ನಗರದ ಬಡ ಹುಡುಗರಿಗಾಗಿ 1853ರಲ್ಲಿ ಚಪ್ಪಲಿ ಹೊಲಿಯುವ, ಬಟ್ಟೆ ಹೊಲಿಯುವ ಕಾರ್ಯಾಗಾರ ತೆರೆದರು. ಅದಕ್ಕೂ ಮೊದಲು ಹುಡುಗರನ್ನು ಕೆಲಸ ಕಲಿಯಲು ಕಳಿಸುವಾಗ ಮಾಲೀಕರೊಂದಿಗೆ ಬರಹದ ಒಪ್ಪಂದ ಮಾಡಿಸಿದರು. ಹೊಡೆಯಬಾರದು, ಭಾನುವಾರ ಬಿಡುವು ಕೊಡಬೇಕು ಎಂಬುದು ಅದರಲ್ಲಿತ್ತು. ನಮ್ಮ ಮಂಗಳೂರಿಗೆ 1878ರಲ್ಲಿ ಬಂದ ಜೆಸ್ವಿಟ್ ಗುರುಗಳು 1880ರಲ್ಲಿ ಸಂತ ಅಲೋಶಿಯಸ್ ಕಾಲೇಜು ತೆರೆದರು. ಜೆಪ್ಪುವಿನಲ್ಲಿ ಸಂತ ಜೋಸೆಫರ ಹೆಸರಿನ ಕಾರ್ಯಾಗಾರವನ್ನೂ ಬೆಳೆಸಿದರು. ಪುಸ್ತಕ ಹಿಡಿದ ಮಗು, ಉಳಿ ಹಿಡಿದ ಮಗು ಇಬ್ಬರಿಗೂ ಆ ಗುರುಗಳ ಮನಸ್ಸಿನಲ್ಲಿ ಜಾಗವಿತ್ತು. ನಮ್ಮ ಮನಸ್ಸಿನಲ್ಲೂ ಇರಲಿ.

ಪ್ರಭು ಯೇಸು ತಮ್ಮ ಸೇವೆಯನ್ನು ಆರಂಭಿಸಿದಾಗ ಅವರಿಗೆ ಸುಮಾರು ಮೂವತ್ತು ವರ್ಷ. ಅಲ್ಲಿಯವರೆಗೆ ಆ ಸಣ್ಣ ಊರಿನ ಮನೆಯಲ್ಲಿ ಕಲಿತರು, ದುಡಿದರು. ಹದಿನಾರು ವರ್ಷದ ನಮ್ಮ ಮಕ್ಕಳಿಗೂ ಸಮಯವಿದೆ. ಇಂದು ಬಲಿಪೂಜೆ ಮುಗಿದ ಮೇಲೆ ಅವರನ್ನು ಮಾತನಾಡಿಸುವಾಗ ಅಂಕ ಕೇಳಬೇಡಿ. "ನಿನಗೆ ಯಾವ ಕೆಲಸ ಇಷ್ಟ?" ಎಂದು ಕೇಳಿ, ಉತ್ತರ ಮುಗಿಯುವವರೆಗೆ ನಿಂತು ಕೇಳಿಸಿಕೊಳ್ಳಿ.

ಶ್ರಮಜೀವಿ ಸಂತ ಜೋಸೆಫರೇ, ನಮ್ಮ ಮಕ್ಕಳ ಕೈಗಳನ್ನೂ ಅವರ ಆಯ್ಕೆಗಳನ್ನೂ ಕಾಪಾಡಿರಿ. ನಮಗಾಗಿ ಪ್ರಾರ್ಥಿಸಿರಿ. ಆಮೆನ್.