ಬಸ್ಸಿನಲ್ಲಿ ಎಷ್ಟು ಜನ? ಎಣಿಸೋ ಸೆನ್ಸರ್ ಆರಿಸೋದು ಹೇಗೆ?

ಇವತ್ತಿನ ಪ್ರಶ್ನೆ ಕೇಳೋಕೆ ಸಣ್ಣದು: ಬಸ್ಸಿನಲ್ಲಿ ಎಷ್ಟು ಜನ ಇದ್ದಾರೆ ಅಂತ ಎಣಿಸೋದು ಹೇಗೆ?

ಬೆಳಗ್ಗೆ ಎಂಟೂವರೆ, ಮಲ್ಲತ್ತಹಳ್ಳಿ ಸ್ಟಾಪ್ ಅಂದ್ಕೊಳ್ಳಿ. ಅಂಬೇಡ್ಕರ್ ತಾಂತ್ರಿಕ ಕಾಲೇಜು ಇಲ್ಲೇ ಇದೆ, ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ ಹತ್ತಿರದಲ್ಲೇ. ಹತ್ತೋರಲ್ಲಿ ವಿದ್ಯಾರ್ಥಿಗಳೂ ಇರ್ತಾರೆ. ಪಾಸ್ ತೋರಿಸ್ತಾರೆ, ಕಂಡಕ್ಟರ್ ನೋಡಿ ಮುಂದಕ್ಕೆ ಹೋಗ್ತಾರೆ. ಟಿಕೆಟ್ ಹರಿಯಲಿಲ್ಲ, ಮಷಿನ್‌ನಲ್ಲಿ ಲೆಕ್ಕ ಇಲ್ಲ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಮಹಿಳೆಯರಿಗೆ ಶೂನ್ಯ ದರದ ಟಿಕೆಟ್ ಕೊಡ್ತಾರೆ, ಅವರ ಲೆಕ್ಕ ಸಿಗುತ್ತೆ. ಪಾಸ್ ಇರೋ ಹುಡುಗನದ್ದು ಸಿಗಲ್ಲ. ಮೆಟ್ರೊದಲ್ಲಿ ಈ ತಲೆನೋವಿಲ್ಲ. ಜ್ಞಾನಭಾರತಿ ನಿಲ್ದಾಣದಲ್ಲಿ ಗೇಟ್ ದಾಟಿದ ಪ್ರತಿಯೊಬ್ಬರೂ ಲೆಕ್ಕಕ್ಕೆ ಬರ್ತಾರೆ. ಬಸ್ಸಿಗೆ ಗೇಟ್ ಎಲ್ಲಿದೆ?

ಟಿಕೆಟ್ ಲೆಕ್ಕ ಮಾತ್ರ ನೋಡಿದ್ರೆ, ಜನ ತುಂಬಿದ ಟ್ರಿಪ್ಪೂ ಖಾಲಿ ಓಡಿದ ಹಾಗೆ ಕಾಣಬಹುದು. ಅಂಥ ಟ್ರಿಪ್ಪಿಗೇ ಕತ್ತರಿ ಬಿದ್ರೆ? ಅದಕ್ಕೇ ಬಾಗಿಲಿಗೆ ಸೆನ್ಸರ್ ಬೇಕು ಅನ್ನೋದು.

ಯಾವುದು? ಅಗ್ಗದ್ದು ಇನ್‌ಫ್ರಾರೆಡ್ ಕಿರಣ. ಕಿರಣ ಅಡ್ಡವಾದಾಗ ಒಂದು ಎಣಿಕೆ. ಇಬ್ಬರು ಒಟ್ಟಿಗೆ ನುಗ್ಗಿದ್ರೆ ಒಬ್ಬರೇ ಅನ್ನುತ್ತೆ. ಇನ್ನೊಂದು, ಏರ್ ಸಸ್ಪೆನ್ಷನ್ ಇರೋ ಬಸ್ಸಿನಲ್ಲಿ ಒತ್ತಡ ಅಳೆದು ತೂಕದಿಂದ ಜನರನ್ನ ಅಂದಾಜು ಮಾಡೋದು. ಬಸ್ ಎಷ್ಟು ತುಂಬಿದೆ ಅಂತ ಗೊತ್ತಾಗುತ್ತೆ, ಆದರೆ ಒಂದು ಸ್ಟಾಪಿನಲ್ಲಿ ಹತ್ತು ಜನ ಇಳಿದು ಹತ್ತು ಜನ ಹತ್ತಿದ್ರೆ ಅದಕ್ಕೆ ಏನೂ ಆಗಿಲ್ಲ. ಮೂರನೇದು ಫೋನಿನ ವೈಫೈ, ಬ್ಲೂಟೂತ್ ಹಿಡಿಯೋದು. ಸಿಗ್ನಲ್‌ನಲ್ಲಿ ಪಕ್ಕ ನಿಂತ ಬೈಕಿನವರೂ ಪ್ರಯಾಣಿಕರಾಗ್ತಾರೆ, ಕೀಪ್ಯಾಡ್ ಫೋನಿನ ಅಜ್ಜಿ ಆಗಲ್ಲ. ಹೊಸ ಫೋನುಗಳು ತಮ್ಮ ಗುರುತಿನ ಸಂಖ್ಯೆಯನ್ನೂ ಆಗಾಗ ಬದಲಿಸ್ತಾವೆ.

ಉಳಿದದ್ದು ಬಾಗಿಲ ಮೇಲಿನ 3ಡಿ ಸೆನ್ಸರ್. ಮೇಲಿಂದ ತಲೆ, ಭುಜದ ಎತ್ತರ ನೋಡಿ, ಒಳಗೋ ಹೊರಗೋ ಅನ್ನೋದನ್ನೂ ಹೇಳುತ್ತೆ. ಮುಖ ಗುರುತಿಸೋ ಅಗತ್ಯ ಇಲ್ಲ, ಅದು ಒಳ್ಳೇದು. ಆದರೆ ದುಬಾರಿ, ಧೂಳು ಒರೆಸ್ತಾ ಇರಬೇಕು, ಎರಡು ಬಾಗಿಲಿದ್ರೆ ಎರಡೂ ಕಡೆ ಹಾಕಬೇಕು. ನನ್ನ ಮತ ಇದಕ್ಕೇ, ಆದರೆ ಒಂದು ಷರತ್ತಿನ ಮೇಲೆ.

ಏನದು? ಮಾರೋರು “ಶೇ. 95 ನಿಖರ” ಅಂದ್ರೆ ಎಲ್ಲಿ ಪರೀಕ್ಷೆ ಮಾಡಿದ್ರಿ ಅಂತ ಕೇಳಬೇಕು. ನಮ್ಮಲ್ಲಿ ಫುಟ್‌ಬೋರ್ಡ್ ಮೇಲೆ ನಿಂತೋರು ಇಳಿಯೋರಿಗೆ ದಾರಿ ಬಿಡೋಕೆ ಕೆಳಗಿಳಿದು ಮತ್ತೆ ಹತ್ತುತ್ತಾರೆ. ಬೆನ್ನಿಗೆ ಬ್ಯಾಗು, ಕಂಕುಳಲ್ಲಿ ಮಗು. ಹಾಗಾಗಿ ಪರೀಕ್ಷೆ ಡಿಪೊದಲ್ಲಿ ಬೇಡ, ಕಾಲೇಜು ಹೊತ್ತಿನ ಬಸ್ಸಲ್ಲೇ ಆಗಲಿ. ಪ್ರತಿ ಬಾಗಿಲಿಗೂ ಒಬ್ಬರು ನಿಂತು ಕೈಯಲ್ಲಿ ಎಣಿಸಲಿ, ಸ್ಟಾಪ್ ಸ್ಟಾಪಿಗೂ ಹೋಲಿಸಲಿ. ಒಟ್ಟು ಮೊತ್ತ ಸರಿ ಇದ್ರೆ ಸಾಲದು. ಒಂದು ಸ್ಟಾಪಲ್ಲಿ ಮೂರು ಹೆಚ್ಚು, ಮುಂದಿನದ್ರಲ್ಲಿ ಮೂರು ಕಡಿಮೆ ಅಂದ್ರೆ ಒಟ್ಟು ಸರಿಯಾಗೇ ಬರುತ್ತೆ, ಸ್ಟಾಪಿನ ಲೆಕ್ಕ ಎರಡೂ ತಪ್ಪು! ಇನ್ನೊಂದು ಮಾತು: ಹತ್ತಿದೋರಲ್ಲಿ ಇಳಿದೋರನ್ನ ಕಳೀತಾ ಹೋದ್ರೆ ಸಣ್ಣ ತಪ್ಪುಗಳು ಕೂಡ್ತಾ ಹೋಗ್ತವೆ. ಕೊನೇ ಸ್ಟಾಪಲ್ಲಿ ಬಸ್ ಖಾಲಿಯಾದಾಗ ಲೆಕ್ಕವನ್ನೂ ಸೊನ್ನೆಗೆ ತರಬೇಕು.

ಕೊನೇದು, ನನಗೆ ಮುಖ್ಯ ಅನ್ನಿಸೋದು. ಎಂಥ ಸೆನ್ಸರೂ ಬಸ್ ಹತ್ತಿದೋರನ್ನ ಮಾತ್ರ ಎಣಿಸುತ್ತೆ. ಬಸ್ ತುಂಬಿ, ಸ್ಟಾಪಲ್ಲೇ ಉಳಿದೋರನ್ನ ಎಣಿಸಲ್ಲ. ಆದ್ದರಿಂದ ಬಸ್ ತುಂಬಿ ಬಂದ ಸ್ಟಾಪಲ್ಲಿ ಹತ್ತಿದೋರು ಇಬ್ಬರೇ ಅಂತ ಬಂದ್ರೆ, ಅದನ್ನ “ಬೇಡಿಕೆ ಕಡಿಮೆ” ಅಂತ ಓದಬಾರದು. ಅಲ್ಲಿಗೆ ಒಬ್ಬ ಮನುಷ್ಯನನ್ನ ಕಳಿಸಿ ನೋಡಬೇಕು.

ನಿಮ್ಮ ಸ್ಟಾಪಲ್ಲಿ ಬೆಳಗ್ಗೆ ಎಷ್ಟು ಜನ ಉಳೀತಾರೆ? ಎಣಿಸಿ, ನಮಗೆ ಬರೆದು ಕಳಿಸಿ.