ಈಗ ಏನನ್ನು ಓದುತ್ತಿದ್ದೀರಿ?

(ಕರಾವಳಿಯ ಪಟ್ಟಣವೊಂದರಲ್ಲಿ ಓದುಗರ ಕುಟುಂಬ ಸಮ್ಮಿಲನದಲ್ಲಿ ಮಾಡಿದ ಭಾಷಣದ ಬರಹ ರೂಪ)



ಓದಿನ ಕುರಿತು ನಮ್ಮಲ್ಲಿ ಯಾರೇ ಮಾತನಾಡಲಿ, ಹಿರಾ ಗುಹೆಯಿಂದಲೇ ಆರಂಭಿಸುತ್ತಾರೆ. ಓದಬೇಕೆಂಬ ಆಜ್ಞೆಯೇ ದಿವ್ಯವಾಣಿಯ ಮೊದಲ ಪದವೆಂಬುದು ಇಲ್ಲಿ ಕುಳಿತಿರುವ ಪುಟ್ಟ ಮಕ್ಕಳಿಗೂ ಗೊತ್ತು. ಅದನ್ನು ನಾನೇ ಎಷ್ಟೋ ವೇದಿಕೆಗಳಲ್ಲಿ ಹೇಳಿದ್ದೇನೆ, ಕೇಳಿದವರು ತಲೆದೂಗಿದ್ದಾರೆ, ಎಲ್ಲರೂ ಮನೆಗೆ ಹೋಗಿ ಏನನ್ನೂ ಓದದೆ ಮಲಗಿದ್ದಾರೆ. ಆದ್ದರಿಂದ ಇಂದು ಅಲ್ಲಿಂದ ಆರಂಭಿಸುವುದಿಲ್ಲ. ಕಳೆದ ತಿಂಗಳು ನಾನು ಹೋಗಿದ್ದ ಮದುವೆಯೊಂದರ ಊಟದ ಮೇಜಿನಿಂದ ಆರಂಭಿಸುತ್ತೇನೆ.

ಆ ಮೇಜಿನ ಸುತ್ತ ನಾವು ಎಂಟು ಮಂದಿ ಇದ್ದೆವು. ಮಾತು ಎಂದಿನಂತೆ ಸಾಗಿತ್ತು. ಯಾರ ಮಗ ದಮಾಮಿನಲ್ಲಿದ್ದಾನೆ, ಯಾರ ನಿವೇಶನಕ್ಕೆ ಎಷ್ಟು ಬೆಲೆ ಬಂದಿದೆ, ಮುಂದಿನ ಚುನಾವಣೆಯಲ್ಲಿ ಯಾರಿಗೆ ಟಿಕೆಟ್ ಸಿಗಬಹುದು. ನಡುವೆ ನಾನು ಸುಮ್ಮನೆ ಕೇಳಿದೆ: ನೀವೆಲ್ಲ ಈಗ ಯಾವ ಪುಸ್ತಕ ಓದುತ್ತಿದ್ದೀರಿ? ಒಂದು ಕ್ಷಣ ಮೌನ. ಆಮೇಲೆ ಒಬ್ಬರು, "ಮಗಳ ಪರೀಕ್ಷೆಯ ಪಾಠಗಳನ್ನು ನಾನೇ ಓದುತ್ತಿದ್ದೇನೆ ಮೌಲವಿ" ಎಂದರು. ಎಲ್ಲರೂ ನಕ್ಕರು. ಇನ್ನೊಬ್ಬರು ಜೇಬಿನಿಂದ ಮೊಬೈಲ್ ತೆಗೆದು ತೋರಿಸಿದರು. ಉಳಿದವರು ತಟ್ಟೆಯ ಕಡೆಗೆ ನೋಡಿದರು. ಆಗ ತುಪ್ಪದನ್ನ ಬಡಿಸುತ್ತಿದ್ದ ಯುವಕ ನನ್ನ ಕಿವಿಯ ಬಳಿ ಬಾಗಿ, "ನಾನು ತೇಜಸ್ವಿಯವರ ಕರ್ವಾಲೊ ಓದುತ್ತಿದ್ದೇನೆ, ಎರಡನೇ ಸಲ. ಆ ಮಂದಣ್ಣನಂಥವನು ನಮ್ಮ ಬೀದಿಯಲ್ಲೂ ಒಬ್ಬನಿದ್ದಾನೆ" ಎಂದ. ಊರಿನವರೆಲ್ಲ ಕೆಲಸಕ್ಕೆ ಬಾರದವನೆಂದು ತಿಳಿದಿರುವ ಮಂದಣ್ಣ, ಹಾರುವ ಓತಿಯನ್ನು ಕಂಡ ಏಕಮಾತ್ರ ಕಾರಣದಿಂದ ವಿಜ್ಞಾನಿಗೆ ಗುರುವಿನಂತಾಗುತ್ತಾನೆ. 1980ರಲ್ಲಿ ಪ್ರಕಟವಾದ ಆ ಕಾದಂಬರಿಯಲ್ಲಿ ಆ ಯುವಕ ತನ್ನ ಬೀದಿಯನ್ನು ಕಂಡುಕೊಂಡಿದ್ದ. ಮೇಜಿನಲ್ಲಿದ್ದ ನಾವು ಎಂಟು ಮಂದಿಯೂ ಅವನ ಹೆಸರನ್ನು ಆವರೆಗೆ ಕೇಳಿರಲಿಲ್ಲ.

ನಮ್ಮ ಸಮುದಾಯಕ್ಕೆ ಓದಿನ ಅಭ್ಯಾಸವೇ ಇಲ್ಲವೆಂದು ಹೇಳುವವರಿದ್ದಾರೆ. ನಾನು ಅದನ್ನು ಒಪ್ಪುವುದಿಲ್ಲ. ಈ ಕರಾವಳಿಯ ಬ್ಯಾರಿ ಮನೆಗಳಲ್ಲಿ ನಿಮ್ಮ ಅಜ್ಜಿಯಂದಿರು ಸಂಜೆ ದೀಪ ಹಚ್ಚಿದ ಬಳಿಕ ಮಾಲೆ ಹಾಡುತ್ತಿದ್ದುದನ್ನು ಕೇಳಿದವರು ಈ ಸಭೆಯಲ್ಲಿ ಖಂಡಿತ ಇದ್ದಾರೆ. ಮುಹಿಯುದ್ದೀನ್ ಮಾಲೆಯನ್ನು ಕಲ್ಲಿಕೋಟೆಯ ಖಾಝಿ ಮುಹಮ್ಮದ್ ರಚಿಸಿದ್ದು 1607ರಲ್ಲಿ. ಅರಬಿ ಲಿಪಿಯಲ್ಲಿ ಮಲಯಾಳಂ ಬರೆಯುವ ಆ ಕ್ರಮವನ್ನು ಬಲ್ಲ ಸಾವಿರಾರು ಹೆಂಗಸರು ಶಾಲೆಯ ಮೆಟ್ಟಿಲನ್ನೇ ಹತ್ತಿರಲಿಲ್ಲ. ಸರಕಾರದ ಲೆಕ್ಕದಲ್ಲಿ ಅವರು ಅನಕ್ಷರಸ್ಥರು. ಮಾಲೆಯ ಕೆಲವು ವಿಚಾರಗಳ ಕುರಿತು ನಮ್ಮೊಳಗೆ ಭಿನ್ನಾಭಿಪ್ರಾಯವಿದೆ. ಅದು ಬೇರೆ ಚರ್ಚೆ. ನಾನು ಹೇಳುವುದು ಇಷ್ಟೇ: ಆ ಹೆಂಗಸರು ಪುಸ್ತಕವನ್ನು ಒಬ್ಬರಿಂದೊಬ್ಬರಿಗೆ ದಾಟಿಸುತ್ತಿದ್ದರು. ಒಬ್ಬಳು ಓದುತ್ತಿದ್ದಳು, ನಾಲ್ವರು ಕೇಳುತ್ತಿದ್ದರು, ಐದನೆಯವಳು ಮರುದಿನ ಆ ಪ್ರತಿಯನ್ನು ಎರವಲು ಕೇಳುತ್ತಿದ್ದಳು. ನಾವು ಪದವೀಧರರಾದೆವು, ಆದರೆ ಎರವಲು ಕೇಳುವುದನ್ನು ಮರೆತೆವು.

ಉರ್ದು ಮಾತನಾಡುವ ಮನೆಗಳದ್ದೂ ಇದೇ ಕತೆ. ಡೆಪ್ಯುಟಿ ನಝೀರ್ ಅಹ್ಮದ್ ಅವರ ಮಿರಾತುಲ್ ಉರೂಸ್ 1869ರಲ್ಲಿ ಪ್ರಕಟವಾಯಿತು. ಉರ್ದುವಿನ ಮೊದಲ ಕಾದಂಬರಿಯೆಂದು ಅದನ್ನು ಹಲವರು ಗುರುತಿಸುತ್ತಾರೆ. ಅದನ್ನು ಅವರು ಬರೆದದ್ದು ಪ್ರಶಸ್ತಿಗಾಗಿ ಅಲ್ಲ, ಸರಕಾರದ ಬಹುಮಾನ ಆಮೇಲೆ ಬಂತು. ತಮ್ಮ ಹೆಣ್ಣುಮಕ್ಕಳ ಕೈಗೆ ಕೊಡಬಹುದಾದ ಪುಸ್ತಕ ಸಿಗಲಿಲ್ಲವೆಂದು ಅವರೇ ಬರೆಯತೊಡಗಿದರು. ಮಕ್ಕಳು ಓದಿ ಮುಗಿಸಿ ಮುಂದಿನ ಪುಟಗಳಿಗಾಗಿ ಕಾಯುತ್ತಿದ್ದರು. ಆ ಕಾದಂಬರಿಯ ಉಪದೇಶ ಇಂದು ನಮಗೆ ಸ್ವಲ್ಪ ಹೆಚ್ಚಾಯಿತೆಂದು ಅನಿಸಬಹುದು. ನನಗೂ ಅನಿಸಿದೆ. ಆದರೆ ಮಗಳು ಏನನ್ನು ಓದುತ್ತಿದ್ದಾಳೆಂದು ತಿಳಿಯಲು ಕುತೂಹಲವಿದ್ದ ತಂದೆಯೊಬ್ಬ ಒಂದೂವರೆ ಶತಮಾನದ ಹಿಂದೆ ನಮ್ಮಲ್ಲಿದ್ದ.

ಇನ್ನು ನನ್ನ ಸ್ವಂತ ಅನುಭವ. ಮದ್ರಸದ ವಸತಿಯಲ್ಲಿದ್ದಾಗ ನಾನು ಅರಬಿ ವ್ಯಾಕರಣದ ಪುಸ್ತಕದೊಳಗೆ ಶಿವರಾಮ ಕಾರಂತರ ಚೋಮನ ದುಡಿಯನ್ನು ಅಡಗಿಸಿಟ್ಟು ಓದುತ್ತಿದ್ದೆ. ಒಂದು ದಿನ ಉಸ್ತಾದರ ಕೈಗೆ ಸಿಕ್ಕಿಬಿದ್ದೆ. ಅವರು ಹೊಡೆಯಲಿಲ್ಲ. ಪುಸ್ತಕವನ್ನು ತೆಗೆದುಕೊಂಡು ಹೋದರು. ಅದು ಹಿಂದಿರುಗಿ ಬರುವುದಿಲ್ಲವೆಂದು ನಾನು ಅಂದುಕೊಂಡಿದ್ದೆ. ಒಂದು ವಾರದ ಬಳಿಕ ಅಸರ್ ನಮಾಝ್ ಮುಗಿದ ಮೇಲೆ ಕರೆದು ಪುಸ್ತಕ ಕೊಟ್ಟರು. "ಚೋಮ ಪಾದ್ರಿಯ ಬಳಿಗೆ ಹೊರಟವನು ದಾರಿಯಲ್ಲೇ ಏಕೆ ಹಿಂದಿರುಗಿದ?" ಎಂದು ಕೇಳಿದರು. ತನ್ನ ದೈವವನ್ನು ಬಿಡಲಾಗದೆ ಎಂದು ನಾನು ಉತ್ತರಿಸಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದಿರಲಿ. ಒಂದು ತುಂಡು ಭೂಮಿಗಾಗಿ ಅವನು ಇಗರ್ಜಿಯ ಬಾಗಿಲಿನ ತನಕ ಯೋಚಿಸಿದ. ನಮ್ಮ ಮಸೀದಿಯ ಬಾಗಿಲು ಅವನಿಗೆ ಏಕೆ ನೆನಪಾಗಲಿಲ್ಲ? ಆ ಸೀಮೆಯಲ್ಲಿ ನಾವಿರಲಿಲ್ಲವೇ?" ಎಂದರು.

1933ರಲ್ಲಿ ಪ್ರಕಟವಾದ ಕೃತಿ ಅದು. ಅದರ ಕುರಿತು ಕಾಲೇಜಿನಲ್ಲಿ ಎಷ್ಟೋ ಉಪನ್ಯಾಸಗಳನ್ನು ಕೇಳಿದೆ, ಪರೀಕ್ಷೆಯಲ್ಲಿ ಉತ್ತರ ಬರೆದೆ. ಉಸ್ತಾದರ ಆ ಪ್ರಶ್ನೆಯನ್ನು ಬೇರೆ ಯಾರೂ ಕೇಳಿದ್ದನ್ನು ನಾನು ಕಾಣೆ. ಸಮಾನತೆಯ ಧರ್ಮ ನಮ್ಮದೆಂದು ಪ್ರತಿ ಶುಕ್ರವಾರ ಹೇಳುವ ನಾವು, ಚೋಮನ ನೆರೆಯಲ್ಲಿ ಹೇಗೆ ಬದುಕಿದ್ದೆವು? ಕಾದಂಬರಿಯೊಂದನ್ನು ಓದಿ ಬೇರೊಬ್ಬರೊಡನೆ ಮಾತನಾಡಿದರೆ ಇಂಥ ಪ್ರಶ್ನೆ ಎದುರಾಗುತ್ತದೆ. ಒಬ್ಬನೇ ಓದಿದ್ದರೆ ನಾನು ಚೋಮನಿಗಾಗಿ ಅತ್ತು ಪುಸ್ತಕ ಮುಚ್ಚುತ್ತಿದ್ದೆ.

ಅನ್ಯರ ಪುಸ್ತಕಗಳನ್ನು ಓದಿದರೆ ಮಕ್ಕಳು ದಾರಿ ತಪ್ಪುವುದಿಲ್ಲವೇ ಎಂದು ಕೆಲವು ಹೆತ್ತವರು ಕೇಳುತ್ತಾರೆ. ಬದ್ರ್‌ನಲ್ಲಿ ಸೆರೆ ಸಿಕ್ಕವರ ಪೈಕಿ ಅಕ್ಷರ ಬಲ್ಲವರು ತಲಾ ಹತ್ತು ಮಕ್ಕಳಿಗೆ ಓದು ಬರಹ ಕಲಿಸಿದರೆ ಬಿಡುಗಡೆ ಹೊಂದಬಹುದೆಂದು ಪ್ರವಾದಿ(ಸ)ಯವರು ಏರ್ಪಾಡು ಮಾಡಿದ್ದನ್ನು ಚರಿತ್ರೆಯ ಗ್ರಂಥಗಳು ಹೇಳುತ್ತವೆ. ಕಲಿಸಿದವರು ನಿನ್ನೆಯವರೆಗೆ ಖಡ್ಗ ಹಿಡಿದು ಬಂದಿದ್ದ ಶತ್ರುಗಳು. ಮದೀನದ ಹೆತ್ತವರು ಮಕ್ಕಳನ್ನು ಅವರ ಬಳಿಗೆ ಕಳುಹಿಸಿದರು. ನಾವು ಕಾರಂತರಿಗೆ ಹೆದರುತ್ತೇವೆ!

ನಿಜವಾಗಿ ನಮಗೆ ಹೆಚ್ಚು ಭಯವಿರುವುದು ಅನ್ಯರ ಪುಸ್ತಕಗಳ ಬಗ್ಗೆಯೂ ಅಲ್ಲ, ನಮ್ಮವರೇ ಬರೆದ ಪುಸ್ತಕಗಳ ಬಗ್ಗೆ. ಕಾಸರಗೋಡಿನಲ್ಲಿ 1936ರಲ್ಲಿ ಹುಟ್ಟಿದ ಸಾರಾ ಅಬೂಬಕ್ಕರ್ ಅವರು 2023ರಲ್ಲಿ ನಮ್ಮನ್ನು ಅಗಲಿದರು. ಅವರ ಚಂದ್ರಗಿರಿಯ ತೀರದಲ್ಲಿ ಕಾದಂಬರಿ ಎಂಬತ್ತರ ದಶಕದ ಆರಂಭದಲ್ಲಿ ಲಂಕೇಶ್ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದಾಗಿನಿಂದ ಎಷ್ಟು ಮಂದಿ ಅದನ್ನು ಬೈದರು! ಬೈದವರಲ್ಲಿ ಹಲವರನ್ನು ನಾನು ಭೇಟಿಯಾಗಿದ್ದೇನೆ. ನಾದಿರಾಳ ತಂದೆಯ ಹೆಸರೇನು ಎಂದು ಕೇಳಿದರೆ ಅವರಲ್ಲಿ ಉತ್ತರವಿಲ್ಲ. ತಂದೆಯ ಹಟಕ್ಕೆ ಸಿಲುಕಿ ಗಂಡನಿಂದ ತಲಾಕ್ ಹೇಳಿಸಿಕೊಂಡ ಹುಡುಗಿ, ಮತ್ತೆ ಅದೇ ಗಂಡನನ್ನು ಸೇರಬೇಕಾದರೆ ಒಂದು ರಾತ್ರಿ ಬೇರೊಬ್ಬನ ಹೆಂಡತಿಯಾಗಬೇಕೆಂಬ ಷರತ್ತಿಗೆ ಒಳಗಾಗಿ ಮಸೀದಿಯ ಕೊಳದಲ್ಲಿ ಪ್ರಾಣ ಬಿಡುತ್ತಾಳೆ. ಒಂದೇ ಉಸಿರಿನ ತಲಾಕ್ ಕುರ್‌ಆನ್ ಕಲಿಸಿದ ಕ್ರಮವಲ್ಲ, ಒಪ್ಪಂದದ ಹಲಾಲ ಶಾಪಗ್ರಸ್ತ ಕೃತ್ಯ ಎಂದು ಸುಧಾರಣೆಯ ಪತ್ರಿಕೆಗಳಲ್ಲಿ ನಾವು ಎಷ್ಟು ಲೇಖನ ಬರೆದಿಲ್ಲ? ನಾವು ಫತ್ವಾಗಳ ಭಾಷೆಯಲ್ಲಿ ಹೇಳಿದ್ದನ್ನು ಅವರು ಹುಡುಗಿಯ ಕಣ್ಣೀರಿನಲ್ಲಿ ಹೇಳಿದರು. ಕೆಲವು ಕಡೆ ಅವರು ಧರ್ಮವನ್ನೂ ಪದ್ಧತಿಯನ್ನೂ ಬೇರ್ಪಡಿಸಿ ನೋಡಬೇಕಿತ್ತು ಎಂಬ ತಕರಾರು ನನಗಿದೆ. ತಕರಾರು ಮಾಡುವ ಹಕ್ಕು ಓದಿದವನದ್ದು. ನಾವು ಅಂದು ಮನೆ ಮನೆಯಲ್ಲಿ ಆ ಪುಸ್ತಕವನ್ನಿಟ್ಟು ಚರ್ಚಿಸಿ ನಮ್ಮನ್ನು ತಿದ್ದಿಕೊಂಡಿದ್ದರೆ, 2017ರಲ್ಲಿ ಸುಪ್ರೀಮ್ ಕೋರ್ಟ್ ನಮಗೆ ಪಾಠ ಹೇಳುವ, 2019ರಲ್ಲಿ ಸಂಸತ್ತು ಗಂಡನನ್ನು ಜೈಲಿಗೆ ಕಳುಹಿಸುವ ಕಾನೂನು ತರುವ ಸಂದರ್ಭಕ್ಕೆ ಎಡೆಯೇ ಇರುತ್ತಿರಲಿಲ್ಲವೇನೋ.

ಹಾಸನದ ಬಾನು ಮುಷ್ತಾಕ್ ಅವರಿಗೆ 2025ರಲ್ಲಿ ಅಂತಾರಾಷ್ಟ್ರೀಯ ಬುಕರ್ ಪ್ರಶಸ್ತಿ ಬಂದಾಗ ನಾವೆಲ್ಲ ಅಭಿನಂದನೆ ಹಂಚಿದೆವು. ಮಹಿಳೆಯರ ಮಸೀದಿ ಪ್ರವೇಶದ ಪರವಾಗಿ ಮಾತನಾಡಿದ್ದಕ್ಕಾಗಿ 2000ದಲ್ಲಿ ಅವರಿಗೆ ಬಹಿಷ್ಕಾರ ಹಾಕಿದ್ದು ಇದೇ ಸಮುದಾಯ. ಹಾರ ಹಾಕಿದವರಲ್ಲಿ ಎಷ್ಟು ಮಂದಿ ಅವರ ಒಂದು ಕತೆಯನ್ನಾದರೂ ಓದಿದ್ದಾರೆ? ಬಹಿಷ್ಕರಿಸಿದವರೂ ಓದಿರಲಿಲ್ಲ, ಹಾರ ಹಾಕಿದವರೂ ಓದಲಿಲ್ಲ.

ನೀವು ಏನು ಓದಬೇಕೆಂದು ನನ್ನನ್ನು ಕೇಳಿದ್ದೀರಿ. ಪಟ್ಟಿ ಕೊಡಲು ನನಗೆ ಇಷ್ಟವಿಲ್ಲ, ಪಟ್ಟಿಗಳು ಗೋಡೆಗೆ ಅಂಟಿಕೊಂಡು ಹಳದಿಯಾಗುತ್ತವೆ. ನನ್ನ ಕೈಯಲ್ಲಿ ಸವೆದ ಒಂದೆರಡನ್ನು ಹೇಳುತ್ತೇನೆ. ಮುಹಮ್ಮದ್ ಅಸದ್ ಅವರ ದಿ ರೋಡ್ ಟು ಮೆಕ್ಕಾ 1954ರದ್ದು. ಪತ್ರಕರ್ತರಾಗಿ ಅರಬ್ ನಾಡಿಗೆ ಬಂದ ಯೆಹೂದಿ ಮನೆತನದ ತರುಣ 1926ರಲ್ಲಿ ಇಸ್ಲಾಮ್ ಸ್ವೀಕರಿಸುತ್ತಾರೆ. ಮರುಭೂಮಿಯಲ್ಲಿ ದಾರಿ ತಪ್ಪಿ ನೀರಿಲ್ಲದೆ ಸಾವಿನ ಅಂಚಿಗೆ ಹೋಗುವ ಆರಂಭದ ಅಧ್ಯಾಯವನ್ನು ಓದುವಾಗ ನಾನು ಎದ್ದು ಎರಡು ಲೋಟ ನೀರು ಕುಡಿದಿದ್ದೆ. ಬೊಳುವಾರು ಮಹಮದ್ ಕುಂಞಿ ಅವರ ಸ್ವಾತಂತ್ರ್ಯದ ಓಟ ದಪ್ಪ ಪುಸ್ತಕ, ಹೆದರಬೇಡಿ, ರಮಝಾನಿನ ಬಳಿಕ ಹಿಡಿಯಿರಿ. 2016ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಅದಕ್ಕೆ ಬಂದಿದೆ. ವೈಕಂ ಮುಹಮ್ಮದ್ ಬಶೀರ್ ಸಿಕ್ಕಿದರೆ ಬಿಡಬೇಡಿ. ಹಸಿವನ್ನು ಬರೆದು ನಗಿಸಬಲ್ಲವರು ಅವರು. ಮಕ್ಕಳಿಗೆ ಪ್ರೇಮಚಂದರ ಈದ್‌ಗಾಹ್ ಕತೆಯನ್ನು ಓದಿ ಹೇಳಿ. ಮೂರು ಪೈಸೆ ಇದ್ದ ಹಾಮಿದ್ ಜಾತ್ರೆಯಲ್ಲಿ ಆಟಿಕೆ ಬಿಟ್ಟು ಅಜ್ಜಿಯ ಕೈ ಸುಡದಿರಲೆಂದು ಇಕ್ಕಳ ಕೊಳ್ಳುತ್ತಾನೆ. ನಮ್ಮ ಈದನ್ನು ಇಷ್ಟು ಪ್ರೀತಿಯಿಂದ ಬರೆದವರು ಮುಸ್ಲಿಮರಲ್ಲ ಎಂಬುದನ್ನು ಮಕ್ಕಳಿಗೆ ತಿಳಿಸಿ, ಈ ಕಾಲದಲ್ಲಿ ಅದನ್ನು ತಿಳಿಸುವ ಅಗತ್ಯವಿದೆ.

ಮೈಸೂರಿನಲ್ಲಿ ಕೂಲಿ ಮಾಡಿ ಬದುಕುವ ಮುಸ್ಲಿಮ್ ಹಿರಿಯರೊಬ್ಬರು ತಮಗೆ ಸಿಗದ ಓದು ಇತರರಿಗಾದರೂ ಸಿಗಲೆಂದು ಶೆಡ್ಡಿನಲ್ಲಿ ಗ್ರಂಥಾಲಯ ನಡೆಸುತ್ತಿದ್ದರು. 2021ರ ಎಪ್ರಿಲ್‌ನಲ್ಲಿ ಅದು ಬೆಂಕಿಗೆ ಆಹುತಿಯಾಯಿತು. ಸುಮಾರು ಹನ್ನೊಂದು ಸಾವಿರ ಪುಸ್ತಕಗಳು ಸುಟ್ಟುಹೋದವು. ಹೆಚ್ಚಿನವು ಕನ್ನಡದವು, ಕುರ್‌ಆನ್ ಮತ್ತು ಬೈಬಲ್ ಜೊತೆಗೆ ಭಗವದ್ಗೀತೆಯ ಪ್ರತಿಗಳೂ ಇದ್ದವು. ದಿನಗೂಲಿಯಿಂದ ಉಳಿಸಿ ಅವರು ಪತ್ರಿಕೆಗಳನ್ನು ತರಿಸುತ್ತಿದ್ದರು. ನಮ್ಮ ಊರಿನಲ್ಲಿ ಎರಡು ಅಂತಸ್ತಿನ ಶಾದಿಮಹಲ್ ಇದೆ, ಅದರಲ್ಲಿ ಒಂದು ಕಪಾಟಿಲ್ಲ. ಕಟ್ಟುವಾಗ ಯಾರಿಗೂ ನೆನಪಾಗಲಿಲ್ಲವಂತೆ. ನೆನಪು ಮಾಡಬೇಕಾದವರಲ್ಲಿ ನಾನೂ ಒಬ್ಬ.

ನನ್ನ ಮಾತು ಇಲ್ಲಿಗೆ ಸಾಕು. ಈ ಮೇಜಿನ ಮೇಲೆ ಒಂದು ನೋಟು ಪುಸ್ತಕ ಇಟ್ಟಿದ್ದೇನೆ. ಪ್ರತಿಯೊಬ್ಬರೂ ಈಗ ಓದುತ್ತಿರುವ ಒಂದು ಪುಸ್ತಕದ ಹೆಸರು, ಅದನ್ನು ಯಾರಿಗೆ ಎರವಲು ಕೊಡುವಿರಿ ಎಂಬುದನ್ನು ಬರೆಯಿರಿ. ಏನನ್ನೂ ಓದುತ್ತಿಲ್ಲವಾದರೆ ಹಾಗೆಯೇ ಬರೆಯಿರಿ, ನಾಚಿಕೆ ಬೇಡ. ಪರದೆಯ ಆಚೆಗಿರುವ ಸಹೋದರಿಯರಿಂದ ಆರಂಭಿಸೋಣ. ಮೈಕನ್ನು ಆ ಕಡೆ ಕೊಡಿ.